ಇಲ್ಲದ ಶಬ್ದದ ಅರ್ಥ

ಬರ್ನಡೆಟ್ ಟೀಚರ್ ಈ ಭಾನುವಾರವೂ ಕೈ ಎತ್ತಿದರು.

"ಬೋರ್ಬರಿಗ್ಮಸ್ ಅಂದರೆ ಹೊಟ್ಟೆಯೊಳಗಿನ ಗುಡುಗುಡು ಸದ್ದು."

ಉರ್ವದ ವಾಚನಾಲಯದ ಮಹಡಿಯಲ್ಲಿ ಚಪ್ಪಾಳೆ ಬಿತ್ತು. ಶಬ್ದ ತಂದಿದ್ದ ಚಿತ್ತರಂಜನನ ಮುಖ ಹುಳಿ ಮಜ್ಜಿಗೆ ಕುಡಿದಂತಾಯಿತು.

ಐವತ್ತೆಂಟನೇ ಇಸವಿಯ ಮಾತು. ಪ್ರತಿ ಭಾನುವಾರ ಸಂಜೆ ಅಲ್ಲಿ ಶಬ್ದಕೂಟ ಸೇರುತ್ತಿತ್ತು. ಬಂದವರೆಲ್ಲ ಒಂದೊಂದು ಅಪರೂಪದ ಇಂಗ್ಲಿಷ್ ಶಬ್ದ ತರಬೇಕು. ಯಾರಿಗೂ ಅರ್ಥ ತಿಳಿಯದಿದ್ದರೆ ತಂದವರಿಗೆ ಆ ಸಂಜೆ ಆರಾಮಕುರ್ಚಿ, ಉಳಿದವರ ಖರ್ಚಿನಲ್ಲಿ ಚಹಾ ಮತ್ತು ಗೋಳಿಬಜೆ. ಹಂಚಿನ ಕಾರ್ಖಾನೆಯ ಗುಮಾಸ್ತ ಚಿತ್ತರಂಜನ ಎರಡು ವರ್ಷ ಆ ಕುರ್ಚಿಯನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಬೊಂಬಾಯಿಯಿಂದ ತರಿಸಿದ ದಪ್ಪ ನಿಘಂಟು ಅವನಲ್ಲಿತ್ತು. ಅದಕ್ಕಿಂತ ದಪ್ಪ ಜಂಬವೂ ಇತ್ತು.

ಜಂಬ ಕೆಲವೊಮ್ಮೆ ಗೆಳೆಯರ ಮೇಲೂ ಬೀಳುತ್ತಿತ್ತು. ಅದೇ ಕಾರ್ಖಾನೆಯ ಮೋಹನದಾಸನಿಗೆ, ಕಂಡವರನ್ನೆಲ್ಲ "ಎಂತ ಸುದ್ದಿ?" ಎಂದು ಕೇಳುವ ಅಭ್ಯಾಸ. ಒಮ್ಮೆ ಚಿತ್ತರಂಜನ ತುಂಬಿದ ಕೂಟದಲ್ಲಿ, "ಕ್ವಿಡ್‌ನಂಕ್ ಅಂದರೆ ಊರ ಸುದ್ದಿಗೆ ಬಾಯಿ ಬಿಟ್ಟುಕೊಂಡು ತಿರುಗುವವ. ಉದಾಹರಣೆ ಇಲ್ಲೇ ಕೂತಿದೆ," ಎಂದು ಬೆರಳು ತೋರಿಸಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೋಹನದಾಸನೂ ನಕ್ಕ. ಅಂದಿನಿಂದ ಕೂಟದಲ್ಲಿ ಅವನಿಗೆ ಅದೇ ಹೆಸರು. ಆದರೂ ದಿನಾ ಸಂಜೆ ಇಬ್ಬರೂ ಜೊತೆಯಾಗಿಯೇ ಮನೆಗೆ ನಡೆಯುತ್ತಿದ್ದರು. ಹೊಟ್ಟೆಯಲ್ಲಿದ್ದುದನ್ನೆಲ್ಲ ಸುರಿಯಲು ಚಿತ್ತರಂಜನನಿಗೆ ಬೇರೆ ಜನ ಇರಲಿಲ್ಲ.

ಈಗ ಒಂದು ತಿಂಗಳಿಂದ ಅವನು ಯಾವ ಶಬ್ದ ತಂದರೂ ಟೀಚರಿಗೆ ಗೊತ್ತು.

"ಒಂದು ವಾರ ಆದರೆ ಸರಿ. ಪ್ರತಿ ವಾರವಾ? ಯಾರೋ ಮೊದಲೇ ಹೋಗಿ ಹೇಳ್ತಾರೆ ಮಾರಾಯ," ಎಂದ ಮೋಹನದಾಸ, ದಾರಿಯಲ್ಲಿ.

"ಯಾರು ಹೇಳುವುದು?"

"ನಾನು ಅತ್ತಿಗೆಯನ್ನು ದೂರುವುದಲ್ಲ. ಆದರೆ ಅವರು ಟೀಚರಲ್ಲಿಗೆ ಹೊಲಿಗೆ ಕಲಿಯಲಿಕ್ಕೆ ಹೋಗ್ತಾರಲ್ಲ?"

ಚಿತ್ತರಂಜನ ನಿಂತುಬಿಟ್ಟ. ಪ್ರತಿ ಶಬ್ದವನ್ನೂ ಅವನು ಮೊದಲು ಹೆಂಡತಿ ಹೇಮಾಕ್ಷಿಯ ಮುಂದೆ ಒಪ್ಪಿಸುತ್ತಿದ್ದ. ಅವಳು ಕಣ್ಣರಳಿಸಿ ಕೇಳುವುದನ್ನು ನೋಡುವುದೇ ಅವನಿಗೊಂದು ಸುಖ.

"ಯಾವ ನಿಘಂಟಿನಲ್ಲೂ ಇಲ್ಲದ ಶಬ್ದ ಒಂದು ಹುಟ್ಟಿಸು," ಎಂದ ಮೋಹನದಾಸ. "ಮನೆಯಲ್ಲಿ ಹೇಳು. ಅದೂ ಟೀಚರ ಬಾಯಿಯಲ್ಲಿ ಬಂದರೆ ಮತ್ತೆ ಸಂಶಯ ಎಂತದು?"

ಮಾರ್ಕೆಟು ದಾಟುವುದರೊಳಗೆ ಶಬ್ದ ಹುಟ್ಟಿತು. ಟ್ರಾಂಬಿಲಾನ್. ದೋಣಿಯಿಂದ ಇಳಿದ ಮೇಲೂ ಕಾಲಿನಲ್ಲಿ ಉಳಿಯುವ ಓಲಾಟ.

"ಭಾರೀ ಲಾಯ್ಕ ಉಂಟು," ಎಂದು ಮೋಹನದಾಸ ಬೆನ್ನು ತಟ್ಟಿದ.

ಹೇಮಾಕ್ಷಿ ಬಾವಿಕಟ್ಟೆಯ ಬಳಿ ಬಂಗುಡೆ ಮೀನು ಕೊಯ್ಯುತ್ತಿದ್ದಳು. ಅವನನ್ನು ಕಂಡದ್ದೇ, "ಈ ವಾರದ್ದು ಎಂತ ಶಬ್ದ?" ಎಂದಳು.

"ಟ್ರಾಂಬಿಲಾನ್."

"ಟ್ರಂಬ... ಅಯ್ಯೋ, ನನ್ನ ನಾಲಿಗೆಗೆ ಬಗ್ಗುವುದಿಲ್ಲ ಇದು." ಅವಳು ನಕ್ಕಳು. "ಎಂತ ಹಾಗೆಂದರೆ?"

ಅಷ್ಟರಲ್ಲಿ ಒಲೆಯ ಮೇಲೆ ಅನ್ನ ಉಕ್ಕಿತು. ಅವಳು ಕೈ ತೊಳೆದು ಒಳಗೆ ಓಡಿದಳು. ಎಷ್ಟು ಚೆನ್ನಾಗಿ ನಟಿಸುತ್ತಾಳೆ ಎಂದುಕೊಂಡ ಚಿತ್ತರಂಜನ. ಮದುವೆಯಾದ ಮೇಲೆ ಅವಳ ಬೆನ್ನನ್ನು ಅವನು ಹಾಗೆ ನೋಡಿದ್ದು ಅದೇ ಮೊದಲು.

ಬುಧವಾರ ಅವಳು ಬಟ್ಟೆಯ ಗಂಟು ಹಿಡಿದು ಟೀಚರ ಮನೆಗೆ ಹೋದಳು. ಅವನು ಒಳಗೊಳಗೇ ಬೇಡಿಕೊಂಡ. ಕುರ್ಚಿ ಬೇಡ, ಚಹಾ ಬೇಡ, ಭಾನುವಾರ ಟೀಚರ್ ಕೈ ಎತ್ತದಿದ್ದರೆ ಸಾಕು.

ಟೀಚರ್ ಕೈ ಎತ್ತಿದರು.

"ಪುಸ್ತಕದಲ್ಲಿ ನೋಡಿದ್ದಲ್ಲ, ಕೇಳಿದ್ದು," ಎಂದು ಸ್ವಲ್ಪ ತಡವರಿಸಿದರು. "ದೋಣಿಯಿಂದ ಇಳಿದ ಮೇಲೂ ಕಾಲಿನಲ್ಲಿ ಉಳಿಯುವ ಓಲಾಟ. ಸರಿಯಾ?"

ಅವರ ಕಣ್ಣು ಚಿತ್ತರಂಜನನ ಮೇಲಿರಲಿಲ್ಲ. ಅವನ ಹೆಗಲಾಚೆ, ಹಿಂದಿನ ಬೆಂಚಿನ ಕಡೆ ನೋಡುತ್ತಿದ್ದರು. ನನ್ನ ಮುಖ ನೋಡಲಿಕ್ಕೆ ನಾಚಿಕೆ ಎಂದುಕೊಂಡ ಅವನು. ಹಿಂದಿನ ಬೆಂಚಿನಿಂದ ಮೋಹನದಾಸ ಮುಂದಕ್ಕೆ ಬಾಗಿ, "ನೋಡಿದೆಯಾ?" ಎಂದು ಪಿಸುಗುಟ್ಟಿದ.

ಮನೆಗೆ ಬಂದ ಚಿತ್ತರಂಜನ ಮಂಚದಡಿಯ ಟ್ರಂಕನ್ನು ಎಳೆದು ನಡುಮನೆಗೆ ತಂದ.

"ನಾಳೆ ನಿನ್ನ ತಾಯಿಮನೆಗೆ ಹೋಗು. ಮತ್ತೆ ಬರುವುದು ಬೇಡ."

"ನಾನು ಎಂತ ಮಾಡಿದೆ?"

"ಹೋಗಿ ನಿನ್ನ ಟೀಚರಲ್ಲಿ ಕೇಳು. ನನ್ನ ಶಬ್ದ ಕದ್ದು ಕೊಟ್ಟು, ನನ್ನನ್ನೇ ಊರಿನ ಮುಂದೆ ಮಂಗ ಮಾಡಿದೆಯಲ್ಲ!"

"ಟೀಚರಲ್ಲಿ ನಾನು ರವಕೆಯ ಅಳತೆ ಬಿಟ್ಟು ಬೇರೆ ಮಾತಾಡಿದವಳಲ್ಲ. ದೇವರಾಣೆ."

"ಆಣೆ ಬೇರೆ!" ಎಂದು ಅವನು ಬೆನ್ನು ತಿರುಗಿಸಿದ. ಬೇರೆ ಯಾರು ಮೋಸ ಮಾಡಿದ್ದರೂ ತಡೆದುಕೊಳ್ಳುತ್ತಿದ್ದ. ತನ್ನ ಶಬ್ದಗಳನ್ನು ಅಷ್ಟು ಆಸೆಯಿಂದ ಕೇಳಿದವಳೇ ಮಾರಿಬಿಟ್ಟಳಲ್ಲ ಎಂದು ಎದೆ ಉರಿಯುತ್ತಿತ್ತು.

ಬೆಳಿಗ್ಗೆ ಮೋಹನದಾಸ ಕೇಳದೆಯೇ ಬಂದು, ಹಂಪನಕಟ್ಟೆಯವರೆಗೆ ಟ್ರಂಕು ಹೊತ್ತ. ಮೂಡಬಿದ್ರೆಯ ಬಸ್ಸು ಹೊರಡಲು ಸಿದ್ಧವಾಗಿ ಗುರುಗುಡುತ್ತಿತ್ತು. ಹೇಮಾಕ್ಷಿ ಕಿಟಕಿಯ ಬಳಿ ಕೂತಳು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ಚಿತ್ತರಂಜನ ಕಲ್ಲಿನಂತೆ ನಿಂತಿದ್ದ. "ಹೋಗಲಿ ಬಿಡು ಮಾರಾಯ," ಎನ್ನುತ್ತಾ ಮೋಹನದಾಸ ಅವನ ಹೆಗಲ ಮೇಲೆ ಕೈ ಹಾಕಿದ.

ಕಂಡಕ್ಟರ್ ಸೀಟಿ ಊದಿದ. ಹೇಮಾಕ್ಷಿ ಸೆರಗಿನಿಂದ ಮೂಗು ಒರೆಸಿಕೊಂಡು ಕಿಟಕಿಯಿಂದ ಬಗ್ಗಿದಳು.

"ಒಂದು ಕೇಳ್ತೇನೆ. ಇಷ್ಟೆಲ್ಲ ಆಯಿತಲ್ಲ, ಆ ಶಬ್ದದ ಅರ್ಥ ಎಂತ? ಅನ್ನ ಉಕ್ಕಿತೆಂದು ನಾನು ಒಳಗೆ ಓಡಿದೆ. ಮತ್ತೆ ನೀವು ಹೇಳಲೇ ಇಲ್ಲ."

ಬಸ್ಸು ಹೊರಟಿತು. ಚಿತ್ತರಂಜನನ ಹೆಗಲ ಮೇಲಿದ್ದ ಕೈ ಮೆಲ್ಲಗೆ ಕೆಳಗಿಳಿಯಿತು.