ಗುರಿ ಹಿಡಿಯದ ಕೋವಿ

ಆ ಬೇಸಿಗೆಯಲ್ಲಿ ಗಂಡ ತೋಟದ ಬೇಲಿಯ ಬಳಿ ಗುಂಡು ತಗಲಿ ಸತ್ತಾಗ ಬೊಳ್ಳಮ್ಮ ಠಾಣೆಗೆ ಹೋಗಿ ಗೋಗರೆದಿದ್ದಳು. "ಬೇಲಿ ಜಗಳಕ್ಕೆ ಬೇಕೂಂತಲೇ ಹೊಡೆದಿದ್ದಾನೆ ಸಾರ್."

ಪಕ್ಕದ ತೋಟದ ಮುದ್ದಯ್ಯ, ಮಂಗಗಳನ್ನು ಓಡಿಸಲು ದೂರದ ತನ್ನ ಮನೆಯಂಗಳದಿಂದ ಹೊಡೆದ ಗುಂಡು ಎಲ್ಲೋ ಹೋಯಿತು ಎಂದ. ಇನ್‌ಸ್ಪೆಕ್ಟರು ಅವನ ಕೋವಿಯನ್ನು ಮೇಜಿನ ಮೇಲಿಟ್ಟು ಅವಳಿಗೆ ಸಮಾಧಾನ ಹೇಳಿದರು.

"ನೋಡಿಮ್ಮ, ಇದು ಪಾಯಿಂಟ್ ಟೂಟೂ, ಸಣ್ಣ ಗುಂಡಿನ ಕೋವಿ. ಟ್ರಿಗರ್ ಎಳೆದ ಹಾಗೆಲ್ಲ ಗುಂಡು ಹಾರುತ್ತೆ, ಅಷ್ಟೆ. ಅಂಗಡಿಯಿಂದ ತಂದ ಹಾಗೇ ಇದೆ, ಏನೂ ಬದಲಾಯಿಸಿಲ್ಲ, ದುರ್ಬೀನೂ ಇಲ್ಲ. ಅಷ್ಟು ದೂರದಿಂದ ಇದರಲ್ಲಿ ಗುರಿಯಿಟ್ಟು ಹೊಡೆಯೋಕೆ ಯಾರಿಗೂ ಆಗಲ್ಲ."

ಆಕಸ್ಮಿಕವೆಂದು ಕೇಸು ಮುಗಿಯಿತು. ಕೋವಿ ಮುದ್ದಯ್ಯನ ಮನೆಗೆ ವಾಪಸಾಯಿತು.

ಕೈಲ್‌ಪೊಳ್ದ್ ಹಬ್ಬಕ್ಕೆ ಊರ ಮೈದಾನದಲ್ಲಿ ಎಂದಿನಂತೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯಿತು. ಮುದ್ದಯ್ಯ ಅದೇ ಕೋವಿ ಎತ್ತಿದ. ದೂರದ ಮರಕ್ಕೆ ಕಟ್ಟಿದ್ದ ಕಾಯಿಗಳು ಒಂದರ ಹಿಂದೊಂದು ಒಡೆದವು. ಒಂದು ಗುಂಡೂ ದಂಡವಾಗಲಿಲ್ಲ. ಬೊಳ್ಳಮ್ಮ ಜನರನ್ನು ತಳ್ಳಿಕೊಂಡು, ಮುಂದಿನ ಸಾಲಿನಲ್ಲಿ ಕೂತಿದ್ದ ಇನ್‌ಸ್ಪೆಕ್ಟರ ಬಳಿಗೆ ಓಡಿದಳು.

"ನೋಡಿದ್ರಲ್ಲ ಸಾರ್! ಅದೇ ಕೋವಿ! ಈಗಲಾದ್ರೂ ನನ್ನ ಮಾತು ನಂಬ್ತೀರಾ?"

ಅವರು ಚಪ್ಪಾಳೆ ನಿಲ್ಲಿಸಲಿಲ್ಲ.

"ಒಳ್ಳೇ ಕೋವಿ ಕಣಮ್ಮ," ಎಂದರು. "ಹೋದ ವರ್ಷ ಈ ಪಂದ್ಯ ನಾನು ಗೆದ್ದಿದ್ದೂ ಇದರಲ್ಲೇ."