ಕಿಣತ್ತುಕಡವಿನ ಅಣಬೆ

“ಗೆರೆ ಎಲ್ಲಿ?” ಎಂದು ಕೇಳಿದಳು ನಾಚಿಯಮ್ಮ. ಮೊಮ್ಮಗಳು ಸುಶೀಲ ಕಾಲೇಜಿನಿಂದ ತಂದ ಗಾಜಿನ ತಟ್ಟೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡುತ್ತಿದ್ದಳು. ತಟ್ಟೆಯ ತುಂಬ ಹಿಂಜಿದ ಹತ್ತಿಯಂತೆ ಬಿಳಿ ಬೂಷ್ಟು ಹಬ್ಬಿತ್ತು.

“ಇಲ್ವಲ್ಲ ಅಜ್ಜಿ. ಎರಡೂ ಕೂಡಿಬಿಟ್ಟವೆ,” ಎಂದಳು ಸುಶೀಲ. ಹೇಳುವಾಗ ಅಜ್ಜಿಯ ಮುಖ ನೋಡದೆ ಮೂಲೆಯ ಮಗ್ಗವನ್ನು ನೋಡಿದಳು.

ಆ ಗೆರೆಯ ಮೇಲೆ ಒಂದು ಮದುವೆ ನಿಂತಿತ್ತು. ಸುಶೀಲ ಕೊಯಮತ್ತೂರಿನಲ್ಲಿ ಅಣಬೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಪಕ್ಕದ ಮೇಜಿನ ಮಯಿಲ್‌ಸಾಮಿಯ ಜೊತೆ ಎಷ್ಟೋ ಕಾಲ ತಮಿಳಿನಲ್ಲೇ ಮಾತಾಡಿದ್ದಳು. ಒಂದು ದಿನ ಅವನು ಕಾದ ಗಾಜಿನ ಬುರುಡೆ ಮುಟ್ಟಿ, “ಅಯ್ಯೋ, ಕೈ ಸುಟ್ಟೋತು” ಎಂದು ಮನೆಮಾತಿನಲ್ಲಿ ಕೂಗಿಬಿಟ್ಟ. ಅಲ್ಲಿಂದ ಮಾತು ಕನ್ನಡಕ್ಕೆ ತಿರುಗಿತು, ಹಿಂದೆಯೇ ಮನಸ್ಸೂ ತಿರುಗಿತು. ಪೆರಿಯನಾಯಕನಪಾಳ್ಯದ ಈ ಮಗ್ಗದ ಮನೆಯಲ್ಲಿ ವಿಷಯ ಹೊರಬಿದ್ದಾಗ ಅಪ್ಪ ಅಂಗಪ್ಪನ್, ತನ್ನವ್ವ ನಾಚಿಯಮ್ಮ ಒಪ್ಪಿದರೆ ತನ್ನದೇನೂ ಅಡ್ಡಿಯಿಲ್ಲ ಎಂದು ಜಾರಿಕೊಂಡ. ಅವ್ವ ಒಪ್ಪಲಿಲ್ಲ. ಅವರು ಕಿಣತ್ತುಕಡವಿನ ಹೊಲದವರು, ನಾವು ಮಗ್ಗದವರು, ಮಾತು ಒಂದಾದ ಮಾತ್ರಕ್ಕೆ ಕುಲ, ಕೂಟ ಒಂದಾಗುತ್ತದೆಯೇ ಎಂದು ಪಟ್ಟು ಹಿಡಿದಳು.

ಸುಶೀಲ ತನ್ನ ವಿದ್ಯೆಯನ್ನೇ ಮುಂದಿಟ್ಟು ವಾದಕ್ಕಿಳಿದಳು, ಎಡವಿದ್ದು ಅಲ್ಲೇ. ಹತ್ತಿರದ ಪ್ರಭೇದಗಳ ಅಣಬೆಗಳನ್ನು ಬರೀ ಬಣ್ಣ, ಆಕಾರ ನೋಡಿ ಬೇರೆ ಮಾಡಲಾಗದು ಎಂದಳು. ಎರಡರಿಂದಲೂ ಒಂದೊಂದು ಬೀಜಕಣ ತೆಗೆದು ಬೆಳೆಸಿ, ಒಂದೇ ತಟ್ಟೆಯಲ್ಲಿ ಎದುರುಬದುರು ಇಡಬೇಕು. ಪ್ರಭೇದ ಒಂದೇ ಆದರೆ ಎಳೆಗೆ ಎಳೆ ಕೂಡಿ ಬೆಳೆಯುತ್ತವೆ. ಬೇರೆಯಾದರೆ ನಡುವೆ ಗೆರೆ ಬಿಟ್ಟು ನಿಂತುಬಿಡುತ್ತವೆ. ಒಂದು ಜೋಡಿ ಕೂಡದಿದ್ದರೆ ಆತುರಪಡದೆ ಇನ್ನಷ್ಟು ಜೋಡಿ ಇಟ್ಟು ನೋಡಬೇಕು. ಬೇರೆ ಬೇರೆ ಅಂತ ನಾವು ದೂರ ಇಟ್ಟವು ಎಷ್ಟೋ ಸಲ ಒಂದೇ ಆಗಿರುತ್ತವೆ ಅಜ್ಜಿ, ಎಂದು ಮಾತು ಮುಗಿಸಿದಳು.

“ಅಂಗಾದ್ರೆ ಇಟ್ಟೇ ನೋಡು,” ಎಂದಳು ನಾಚಿಯಮ್ಮ. “ನಮ್ಮ ಹಿತ್ತಲ ಕಾಳಾನ್ ಒಂದು, ಅವರ ತೋಟದ ಕಾಳಾನ್ ಒಂದು. ಕೂಡಿದ್ರೆ ಕಲ್ಯಾಣ. ಗೆರೆ ನಿಂತ್ರೆ ಆ ಪಯ್ಯನ ಪೇರು ಈ ಮನೇಲಿ ಎತ್ತಬಾರ್ದು.”

ಐಪ್ಪಸಿ ತಿಂಗಳ ಮಳೆ ಬಿದ್ದದ್ದೇ ತಡ, ಮಯಿಲ್‌ಸಾಮಿ ಒಂದು ಬುಟ್ಟಿ ಅಣಬೆಯನ್ನು ಬಾಳೆ ಎಲೆ ಮುಚ್ಚಿ ತಂದು ಅಜ್ಜಿಯ ಕೈಗೇ ಕೊಟ್ಟುಹೋದ. ಮರುದಿನ ಬೆಳಗ್ಗೆ ಅವಳು ಎರಡು ಪೊಟ್ಟಣ ಕಟ್ಟಿಕೊಟ್ಟಳು. ಬಿಳಿ ನೂಲು ಸುತ್ತಿದ್ದು ಹಿತ್ತಲಲ್ಲಿ ಹತ್ತಿ ಕಸದ ಗುಡ್ಡೆ ಮೇಲೆ ಎದ್ದದ್ದು, ಕೆಂಪು ನೂಲಿನದು ಕಿಣತ್ತುಕಡವಿನದು ಎಂದಳು. ಎರಡೂ ಅವಳಿಗಳ ಹಾಗೆ ಇದ್ದವು. ಸುಶೀಲ ಖುಷಿಯಿಂದಲೇ ತಟ್ಟೆಗಳನ್ನು ಸಿದ್ಧಮಾಡಿದಳು. ಆದರೆ ಎಷ್ಟು ಜೋಡಿ ಇಟ್ಟರೂ ಪ್ರತಿ ತಟ್ಟೆಯಲ್ಲೂ ನಡುವೆ ಗೆರೆ. ಅಣಬೆಗೂ ತನ್ನ ಮದುವೆಗೂ ಯಾವ ನಂಟೂ ಇಲ್ಲವೆಂದು ಚೆನ್ನಾಗಿ ತಿಳಿದವಳೇ, ಆದರೂ ಮೇಜಿನ ಮುಂದೆ ಕೂತು ಅತ್ತಳು. ಅತ್ತು ಮುಗಿದ ಮೇಲೆ ಹೊಸ ತಟ್ಟೆ ತೆಗೆದು, ಎರಡು ಕಡೆಗೂ ಬಿಳಿ ನೂಲಿನದನ್ನೇ ಇಟ್ಟಳು. ಅಣ್ಣ ತಂಗಿಯನ್ನು ಹಸೆಮಣೆ ಮೇಲೆ ಕೂರಿಸಿದ ಹಾಗಾಯಿತು. ಅಣಬೆಗಳಿಗೆ ಆ ನಾಚಿಕೆಯಿಲ್ಲ, ಸೊಗಸಾಗಿ ಕೂಡಿಕೊಂಡವು.

ಈಗ ಅಜ್ಜಿ ಆ ತಟ್ಟೆಯನ್ನು ಕೆಳಗಿಡುತ್ತಲೇ ಇಲ್ಲ. ಮಗ್ಗದಲ್ಲಿ ಹಳೆ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಬೆರಳಲ್ಲಿ ಹೊಸೆದು ಸೇರಿಸುತ್ತಲೇ ಮುದುಕಿಯಾದವಳು ಅವಳು. ಸೇರಿಸಿದ ಜಾಗ ಅವಳ ಕಣ್ಣಿಂದ ತಪ್ಪಿಸಿಕೊಂಡದ್ದೇ ಇಲ್ಲ. ಜಗುಲಿಯಲ್ಲಿ ಮಯಿಲ್‌ಸಾಮಿ ಉಗುರು ಕಚ್ಚುತ್ತ ಕೂತಿದ್ದ.

“ಇದು ಆಗೋ ಕೆಲಸ ಅಲ್ಲ,” ಎಂದಳು ನಾಚಿಯಮ್ಮ.

“ಯಾಕಜ್ಜಿ?”

ಅಜ್ಜಿ ಬಾಯಿ ತೆರೆದಳು. ಮೊಮ್ಮಗಳನ್ನು ನೋಡಿ, ಜಗುಲಿಯ ಕಡೆ ನೋಡಿ, ತೆರೆದ ಬಾಯಿ ಮುಚ್ಚಿದಳು. ಆಮೇಲೆ ಆಡಿದ ಮಾತು ಆಡಿದ್ದೇ, ಕಲ್ಯಾಣಕ್ಕೆ ಒಳ್ಳೆ ನಾಳು ನೋಡು ಎಂದು ಮಗನಿಗೆ ಹೇಳಿ ತಟ್ಟೆ ಕೆಳಗಿಟ್ಟಳು. ಅಂಗಪ್ಪನ್ ಸಕ್ಕರೆ ಡಬ್ಬಿ ಹುಡುಕಲು ಒಳಗೆ ಓಡಿದ. ಮಯಿಲ್‌ಸಾಮಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಎರಡೂ ಒಂದೇ ಎಂದು ತನಗೆ ಮೊದಲೇ ಗೊತ್ತಿತ್ತು, ನಾಳೆಯೇ ಇನ್ನೊಂದು ಬುಟ್ಟಿ ತಂದುಕೊಡುತ್ತೇನೆ ಎಂದ.

“ತಾ ಸಾಮಿ,” ಎಂದಳು ನಾಚಿಯಮ್ಮ. “ಹೋದ ಸಲದ್ದು ಕೊಳಂಬು ಮಾಡಿ ಉಂಡೆ. ಬೆಣ್ಣೆ ತರ ಬೆಂದಿತ್ತು. ಒಂದೂ ಮಿಗಲಿಲ್ಲ.”

ಸುಶೀಲ ತಟ್ಟನೆ ಅಜ್ಜಿಯ ಕಡೆ ತಿರುಗಿದಳು. ಒಂದೂ ಮಿಗದಿದ್ದರೆ ಕೆಂಪು ನೂಲು ಸುತ್ತಿ ಕೊಟ್ಟದ್ದು ಏನು?

ನಾಚಿಯಮ್ಮ ಅವಳ ಕಿವಿ ಹತ್ತಿರ ಬಗ್ಗಿ, ಜಗುಲಿಗೆ ಕೇಳಿಸದ ಹಾಗೆ ಹೇಳಿದಳು: “ಅದು ನಮ್ಮ ನುಗ್ಗೆ ಮೋಟಿನ ಮೇಲಿಂದು. ದಿನವೆಲ್ಲ ಬೇಯಿಸಿದ್ರೂ ಚಪ್ಪಲಿ. ಅದು ಹ್ಯಾಗೆ ಕೂಡ್ತು ಅಂತ ನಾ ಕೇಳಲ್ಲ. ನೀನೂ ಏನೂ ಕೇಳ್ಬೇಡ.”