ಬದಲಿ ಫೋನು

ಹುಟ್ಟಿನಿಂದ ಕಿವಿ ಕೇಳದ, ಮಾತು ಬಾರದ ವಿಮಲಾಕ್ಷಿ ಪರಊರಿನಲ್ಲಿ ದುಡಿಯುವ ಗಂಡನ ಜೊತೆ ವಿಡಿಯೊ ಕಾಲ್‌ನಲ್ಲಿ ಕೈಸನ್ನೆಯಿಂದಲೇ ಮಾತಾಡುತ್ತಿದ್ದಳು. ಸಿಮ್ ಕಂಪನಿಯವರು ಕೊಟ್ಟ ಫೋನಿನ ಕ್ಯಾಮೆರಾ ಕೆಟ್ಟಿತು. ಬದಲಿಗೆ ಕೊಟ್ಟದ್ದೂ ಕೆಟ್ಟಿತು. ಅವಳ ಕೈಗಳು ಗಂಡನಿಗೆ ಕಾಣದಾದವು.

ತಮ್ಮ ದಿವಾಕರ ಅವಳನ್ನು ಶೋರೂಮಿಗೆ ಕರೆತಂದು ಜಗಳವಾಡಿದ.

"ಈ ಸಲ ಹೊಸದನ್ನೇ ಕೊಡ್ತೀವಿ ಸರ್. ಹೆಡ್ಡಾಫೀಸಿಂದ ಮೇಡಂಗೆ ಕಾಲ್ ಬರುತ್ತೆ, ಒಪ್ಪಿಗೆ ಅಂದ್ರೆ ಸಾಕು" ಎಂದ ಶೋರೂಮಿನವನು.

"ಅಕ್ಕನಿಗೆ ಕಿವಿ ಕೇಳಲ್ಲ ಅಂದೆನಲ್ಲ! ನಾನೇ ಮಾತಾಡ್ತೀನಿ."

"ಆಗಲಿ ಸರ್."

ಕಾಲ್ ಬಂತು. ದಿವಾಕರ ಎಲ್ಲವನ್ನೂ ಬಿಡಿಸಿ ಹೇಳಿದ. ಆ ಕಡೆಯ ಹೆಂಗಸು ತಾಳ್ಮೆಯಿಂದ ಕೇಳಿಸಿಕೊಂಡು, "ಅರ್ಥವಾಯಿತು ಸರ್" ಎಂದು ಫೋನಿಟ್ಟಳು.

ತಮ್ಮನ ನಗು ನೋಡಿ ವಿಮಲಾಕ್ಷಿಯ ಮುಖವೂ ಅರಳಿತು. ಅಷ್ಟರಲ್ಲಿ ಮೆಸೇಜು ಬಂತು: "ಗ್ರಾಹಕರು ಖುದ್ದಾಗಿ ಮಾತಾಡಲು ನಿರಾಕರಿಸಿದ್ದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ."